ಕೆರೆಯಂಗಳದಲ್ಲಿ ಚಿಕ್ಕಪ್ಪನ ಗಾಡಿ

ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ದಿನಾ ಸಂಜೆ ಒಂದು ತಟ್ಟೆ ಹೆಚ್ಚಿಗೆ ಬೀಳುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಚಿಕ್ಕಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು ತಲೆಯೆತ್ತುವಳು. ಬೀದಿಯ ತಿರುವಿನ ಕಡೆ ಕಿವಿಗೊಟ್ಟು ಕೇಳುವಳು. ಎದ್ದು ಹೋಗಿ ಬಾಗಿಲ ಬಳಿ ಚೊಂಬಿನಲ್ಲಿ ನೀರಿಟ್ಟು, ಒಳಗೆ ಬಂದು ಗೋಡೆಯ ಪಕ್ಕ ತಟ್ಟೆ ಹಾಕುವಳು. ಆಮೇಲೆ ಹೊಸ್ತಿಲ ಕಡೆ ನೋಡಿ, "ಕೈ ತೊಳ್ಕೊಳ್ಳಿ, ಇಕ್ತೀನಿ" ಅನ್ನುವಳು. ಹೊಸ್ತಿಲಲ್ಲಿ ಯಾರೂ ಇರುತ್ತಿರಲಿಲ್ಲ. ಚಿಕ್ಕಪ್ಪ ಸತ್ತು ಆಗಲೇ ನಾಲ್ಕೈದು ತಿಂಗಳಾಗಿತ್ತು.

ಚಿಕ್ಕಪ್ಪನಿಗೊಂದು ಮೋಟಾರ್ ಸೈಕಲ್ ಇತ್ತು. ಮೈಸೂರಿನಲ್ಲೇ ತಯಾರಾಗುತ್ತಿದ್ದ ಗಾಡಿ ಅದು, ಹೊಗೆ ಬಿಡಲು ಎರಡು ಕೊಳವೆಯದು. ನಮ್ಮ ಮನೆಯಲ್ಲಿ ಗಾಡಿ ಅಂದರೆ ಅದೊಂದೇ, ಎತ್ತಿನದು ಬಂಡಿ. ಊರಿಗೆಲ್ಲ ಅದೇ ಮೊದಲನೆಯ ಮೋಟಾರ್ ಸೈಕಲ್ಲಾದ್ದರಿಂದ ಚಿಕ್ಕಪ್ಪ ಅದನ್ನು ತಂದ ದಿನ ಅಜ್ಜಿ ಹ್ಯಾಂಡಲ್ಲಿಗೆ ಕರಿದಾರದಲ್ಲಿ ಒಂದು ಕವಡೆ ಪೋಣಿಸಿ ಕಟ್ಟಿದ್ದಳು, ಜನರ ಕಣ್ಣು ಬೀಳದಿರಲಿ ಅಂತ. ಸಂಜೆ ಆ ಗಾಡಿ ಬೀದಿಯ ತಿರುವಿಗೆ ಬಂದು ಡುಬುಡುಬು ಅನ್ನುವುದಕ್ಕೂ ಚಿಕ್ಕಮ್ಮ ನೀರಿಡುವುದಕ್ಕೂ ಸರಿಹೋಗುತ್ತಿತ್ತು. ಒಂದು ದಿನವಾದರೂ ಚಿಕ್ಕಪ್ಪ ಬಂದು ಕಾದದ್ದಿಲ್ಲ, ಮುದ್ದೆ ಆರಿದ್ದಿಲ್ಲ.

ಕಬ್ಬಿನ ಕಾಲದಲ್ಲಿ ಒಂದು ದಿನ ಚಿಕ್ಕಪ್ಪ ಮಳವಳ್ಳಿ ರಸ್ತೆಯಲ್ಲಿ ಲಾಟೀನು ಕಟ್ಟದೆ ಹೋಗುತ್ತಿದ್ದ ಒಂದು ಬಂಡಿಗೆ ಹಿಂದಿನಿಂದ ಗುದ್ದಿಬಿಟ್ಟ. ಆಗಿನ್ನೂ ಮುಚ್ಚಂಜೆ. ಸುದ್ದಿ ಬರುವಷ್ಟರಲ್ಲಿ ಚಿಕ್ಕಮ್ಮ ನೀರಿಟ್ಟು, ತಟ್ಟೆ ಹಾಕಿ, ಬಿಸಿ ಮುದ್ದೆಯನ್ನೂ ಇಕ್ಕಿಯಾಗಿತ್ತು. ಗಾಡಿ ಸದ್ದು ಕೇಳಿಯೇ ಇಕ್ಕಿದೆ ಅಂದಳು. ಅಷ್ಟು ಹೊತ್ತಿಗೆ ಅವನ ಪ್ರಾಣ ಆಗಲೇ ಹೋಗಿತ್ತು. ಅವಳು ಅವತ್ತೂ ಅಳಲಿಲ್ಲ, ಮಣ್ಣಿಗೆ ಹೋದಾಗಲೂ ಅಳಲಿಲ್ಲ. ನಮ್ಮ ಕಡೆ ಗಂಡ ಸತ್ತರೆ ಹೆಂಡತಿ ಹಾಡಿಕೊಂಡು ಅಳಬೇಕು, ಊರಿನ ಹೆಂಗಸರು ಸುತ್ತ ಕೂತು ಅಳಿಸಬೇಕು. ಬಂದ ಹೆಂಗಸರು ಬೆಳಗಿನಿಂದ ಕಾದು, ಸೆರಗು ಕೊಡವಿಕೊಂಡು ಎದ್ದು ಹೋದರು.

ಅಜ್ಜಿಗೆ ಅದೇ ದೊಡ್ಡ ಕೊರಗಾಯಿತು. "ಒಂದ್ ತೊಟ್ಟು ಕಣ್ಣೀರ್ ಹಾಕ್ನಿಲ್ಲ ಕಣವ್ವ ಇವ್ಳು. ಅಳ್ದೆ ಕಳಿಸಿದ್ ಜೀವ ಬಾಗ್ಲು ಬುಟ್ಟು ಓಗಾಕಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಗಾಡಿಯನ್ನು ಶನಿ ಗಾಡಿ ಅಂತ ಬೈದು ಮಂಡ್ಯದ ದಲ್ಲಾಳಿಯೊಬ್ಬನ ಕೈಲಿ ಮಾರಿಸಿದಳು. ಚಿಕ್ಕಮ್ಮ ಹಾಕಿದ ತಟ್ಟೆಯನ್ನು ದಿನಾ ಸಂಜೆ ತಾನೇ ಎತ್ತಿ ಬೋರಲು ಹಾಕುವಳು, ಚೊಂಬಿನ ನೀರನ್ನು ಬೀದಿಗೆ ಚೆಲ್ಲುವಳು. ಯಾವ ಸದ್ದೂ ಇಲ್ಲ, ನಿನ್ನ ತಲೆ ಕೆಟ್ಟಿದೆ ಅನ್ನುವಳು. ನಾವೂ ಹಾಗೇ ಅನ್ನುತ್ತಿದ್ದೆವು. ನನಗಂತೂ ಏನೂ ಕೇಳುತ್ತಿರಲಿಲ್ಲ. ಆದರೂ ಆ ಹೊತ್ತಿಗೆ ಕತ್ತಿನ ಹಿಂದೆ ಸಣ್ಣಗೆ ಚಳಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಕೊನೆಗೆ ಅಜ್ಜಿ ತೀರ್ಮಾನ ಮಾಡಿಬಿಟ್ಟಳು. ಮಳವಳ್ಳಿಯಲ್ಲಿ ಚಿಕ್ಕಮ್ಮನ ತವರಿತ್ತು. ಅವಳ ಅಣ್ಣನಿಗೆ ಹೇಳಿಕಳಿಸಿ, ಬರುವ ಸೋಮವಾರ ಬಂದು ಕರೆದುಕೊಂಡು ಹೋಗಲಿ ಅಂದಳು. ಮತ್ತೆ ಕಳಿಸುವ ಮಾತಿರಲಿಲ್ಲ. ಚಿಕ್ಕಮ್ಮನ ಸೀರೆಗಳೆಲ್ಲ ಒಂದು ತಗಡಿನ ಟ್ರಂಕಿನೊಳಗೆ ಸೇರಿ, ಟ್ರಂಕು ನಡುಮನೆ ಬಾಗಿಲ ಪಕ್ಕ ಬಂದು ಕೂತಿತು. ಓಡಾಡುವವರ ಕಾಲಿಗೆಲ್ಲ ತಗಲುತ್ತಿತ್ತು. ಚಿಕ್ಕಮ್ಮ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳಷ್ಟೆ. ನನಗೆ ಜಡೆ ಹಾಕುತ್ತಿದ್ದವಳು ಅವಳು, ಮಂಡ್ಯದ ಕಾಲೇಜಿಗೆ ಸೇರಿಸಿ ಅಂತ ಅಪ್ಪನ ಹತ್ತಿರ ನನ್ನ ಪರವಾಗಿ ಮಾತಾಡಿದವಳೂ ಅವಳೇ. ಅವಳನ್ನು ಕಳಿಸುವುದು ನನಗೆ ಸುತರಾಂ ಇಷ್ಟವಿರಲಿಲ್ಲ. ಆದರೆ ಪಿ.ಯು.ಸಿ. ಹುಡುಗಿಯ ಮಾತನ್ನು ಅಜ್ಜಿಯ ಮುಂದೆ ಯಾರು ಕೇಳುತ್ತಾರೆ?

ಅದೇ ವಾರ ಮಂಡ್ಯದಲ್ಲಿ ಜಟಕಾ ಮೇಲೆ ಮೈಕು ಕಟ್ಟಿಕೊಂಡು ಗುಲಾಬಿ ಬಣ್ಣದ ಚೀಟಿ ಹಂಚುತ್ತ ಹೋದರು. ಮದ್ದೂರಿನ ಹತ್ತಿರ ಒಂದು ಕೆರೆಯಂಗಳದಲ್ಲಿ ಶನಿವಾರ ಭಾನುವಾರ ಮೋಟಾರ್ ರೇಸು, ಸಂಜೆ ಆರ್ಕೆಸ್ಟ್ರಾ. ಆ ಬೇಸಿಗೆ ನಾಲೆ ನಿಲ್ಲಿಸಿದ್ದರಿಂದ ಕೆರೆ ಒಣಗಿ, ತಳದ ಗೋಡುಮಣ್ಣು ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಬೆಂಗಳೂರು ಮೈಸೂರಿನ ಮೋಟಾರು ಹುಚ್ಚಿನವರು ಯಾರೋ ಸೇರಿ ಅದರ ಮೇಲೆ ಸುತ್ತುದಾರಿ ಮಾಡಿದ್ದರಂತೆ. ನನಗೆ ರೇಸಿಗಿಂತ ಆರ್ಕೆಸ್ಟ್ರಾ ಆಸೆ. ಚಿಕ್ಕಮ್ಮನನ್ನೂ ಕರೆದುಕೊಂಡು ಹೋದರೆ ಅವಳ ಮುಖದಲ್ಲಿ ಒಂದಿಷ್ಟು ನಗು ಬರಬಹುದು, ಅದನ್ನು ನೋಡಿಯಾದರೂ ಅಜ್ಜಿಯ ಮನಸ್ಸು ಕರಗಬಹುದು ಅನ್ನುವುದು ನನ್ನ ಲೆಕ್ಕಾಚಾರ.

ಅಪ್ಪನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸೂರು ನೋಡಿದ. ಮದ್ದೂರಿನಲ್ಲಿ ದೊಡ್ಡಮ್ಮನ ಮನೆಗೆ ಹೋಗಿಬರುತ್ತಾರೆ ಅಂತ ಅಜ್ಜಿಗೆ ಹೇಳಿ, ಬಸ್ಸಿಗೆ ಮಾತ್ರ ಆಗುವಷ್ಟು ದುಡ್ಡು ಕೈಗೆ ಹಾಕಿದ. ಸಾಕಾಗಿತ್ತು. ಉಳಿಯುವುದು ದೊಡ್ಡಮ್ಮನ ಮನೆಯಲ್ಲಿ. ಅದಕ್ಕೆ ಬಾಡಿಗೆಯೆಂದರೆ ಅವಳು ಗುಡ್ಡೆ ಹಾಕಿಟ್ಟಿರುತ್ತಿದ್ದ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸಿಕೊಡುವುದು. ಊಟಕ್ಕೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಂದು ಗಂಟು ಹುರಿಗಡಲೆ. ರೇಸು ನೋಡಲು ಕೆರೆ ಏರಿ. ಕೆಳಗೆ ಶಾಮಿಯಾನ ಹಾಕಿ, ಕುರ್ಚಿ ಇಟ್ಟು, ಟಿಕೆಟ್ಟು ಮಾರುತ್ತಿದ್ದರು ನಿಜ. ದುಡ್ಡು ಕೊಟ್ಟವರ ಮೂಗಿಗೆಲ್ಲ ಧೂಳು. ಏರಿ ಮೇಲೆ ಹೊಂಗೆ ಮರದ ನೆರಳಲ್ಲಿ ಕೂತ ನಮಗೆ ಇಡೀ ಕೆರೆ ಬಾಣಲೆಯ ಹಾಗೆ ಕಾಣುತ್ತಿತ್ತು. ಸುತ್ತಮುತ್ತಲ ಹಳ್ಳಿಯವರೆಲ್ಲ ಅಲ್ಲೇ ಇದ್ದರು. ಶಿವಪುರದ ಕಡೆಯಿಂದ ಬಂಡಿ ಕಟ್ಟಿಕೊಂಡು ಬಂದವರು ಎತ್ತುಗಳಿಗೆ ಹುಲ್ಲು ಹಾಕಿ, ತಾವು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು.

ಮೊದಲು ಜೀಪುಗಳು ಸುತ್ತಿದವು, ಆಮೇಲೆ ಹಳೇ ಕಾರುಗಳು. ತಿರುವುಗಳಲ್ಲಿ ಗಾಡಿಗಳು ದಾರಿ ತಪ್ಪದಿರಲೆಂದು ಭತ್ತದ ಹುಲ್ಲಿನ ಕಂತೆಗಳನ್ನು ಪೇರಿಸಿದ್ದರು. ಒಳ್ಳೆ ಹುಲ್ಲು ಹಾಳು ಮಾಡುತ್ತಾರಲ್ಲ ಎಂದು ಏರಿ ಮೇಲಿನವರಿಗೆಲ್ಲ ಹೊಟ್ಟೆ ಉರಿ. ನಮ್ಮ ಪಕ್ಕದಲ್ಲಿದ್ದ ಮುದುಕನೊಬ್ಬ ಬಹಳ ಹೊತ್ತು ನೋಡಿ, "ಉಳಾಕೂ ಅಲ್ಲ, ಊರಿಗೋಗಾಕೂ ಅಲ್ಲ. ಒರಟಲ್ಗೇ ಬಂದ್ ನಿಲ್ಲಾಕೆ ಇಷ್ಟೊಂದ್ ಎಣ್ಣೆ ಸುಡ್ತಾರಲ್ಲಾ" ಅಂದ. ನಾನು ನಕ್ಕೆ. ಚಿಕ್ಕಮ್ಮ ನಗಲಿಲ್ಲ. ಮೊಣಕಾಲಿಗೆ ಗಲ್ಲ ಊರಿ, ಕಣ್ಣು ಮುಚ್ಚಿ ಕೂತಿದ್ದಳು. ಇಷ್ಟು ದೂರ ಕರೆದುಕೊಂಡು ಬಂದರೆ ಕಣ್ಣು ಮುಚ್ಚಿ ಕೂತಿದ್ದಾಳಲ್ಲ ಎಂದು ನನಗೆ ರೇಗಿತು.

ಬಿಸಿಲು ಇಳಿಮುಖವಾದ ಮೇಲೆ ಮೋಟಾರ್ ಸೈಕಲ್ಲುಗಳ ಸರದಿ ಬಂತು. ಹತ್ತು ಹನ್ನೆರಡು ಗಾಡಿಗಳು ಒಟ್ಟಿಗೇ ಕೂಗತೊಡಗಿದಾಗ ಎತ್ತುಗಳು ಬೆದರಿ ಹಗ್ಗ ಜಗ್ಗಿದವು. ಕಿವಿ ಮುಚ್ಚಿಕೊಂಡಿದ್ದ ನನ್ನ ಕೈಯನ್ನು ಚಿಕ್ಕಮ್ಮ ಹಿಡಿದು ಕೆಳಗಿಳಿಸಿದಳು.

"ಕೇಳೇ. ಅದ್ರೊಳಗೆ ನಮ್ಮದೊಂದದೆ."

ಶುರುವಾಯಿತಲ್ಲಪ್ಪ ಅಂದುಕೊಂಡೆ. ಮನೆಯ ತಟ್ಟೆ ಇಲ್ಲಿಗೂ ಬಂತು. ಎಲ್ಲ ಒಂದೇ ಕಂಪನಿಯ ಗಾಡಿಗಳು, ಸದ್ದೂ ಒಂದೇ ಥರ ಇರುತ್ತದೆ ಎಂದು ಸಿಡುಕಿದೆ. ಅವಳು ವಾದ ಮಾಡಲಿಲ್ಲ. ನಮ್ಮದು ವೇಗ ಇಳಿಸುವಾಗ ಒಂದು ಸಲ ಕೆಮ್ಮುತ್ತದೆ, ತಿರುವು ಬರಲಿ, ನೀನೇ ಕೇಳು ಅಂದಳು. ತಿರುವು ಬಂತು. ಗಾಡಿಗಳೆಲ್ಲ ಒಂದರ ಹಿಂದೆ ಒಂದು ಸದ್ದು ತಗ್ಗಿಸಿದವು. ಹಿಂದಿನಿಂದ ಮೂರನೆಯದು, ಕರೀ ಕೋಟಿನವನದು, ನಿಜವಾಗಿಯೂ ಒಂದು ಸಲ ಕೆಮ್ಮಿತು. ಎರಡು ವರ್ಷ ದಿನಾ ಸಂಜೆ ಕೇಳಿದ ಸದ್ದು ಅದು. ಚಿಕ್ಕಪ್ಪನೇ ಬೀದಿ ತಿರುಗಿ ಬಂದ ಹಾಗಾಯಿತು.

ಅವತ್ತಿನ ರೇಸು ಮುಗಿದ ಮೇಲೆ ಇಬ್ಬರೂ ಕೆಳಗಿಳಿದು ಗಾಡಿಗಳನ್ನು ನಿಲ್ಲಿಸಿದ್ದ ಕಡೆ ಹೋದೆವು. ಹುಡುಕಬೇಕಾಗಿಯೇ ಇರಲಿಲ್ಲ. ಬಣ್ಣ ಬದಲಾಗಿತ್ತು, ಮುಂದಿನ ದೀಪ ಬಿಚ್ಚಿ ಹಾಕಿದ್ದರು, ಪಕ್ಕದಲ್ಲಿ ನಂಬರಿನ ತಗಡು ಕೂತಿತ್ತು. ಆದರೆ ಹ್ಯಾಂಡಲ್ಲಿನಲ್ಲಿ ಅಜ್ಜಿಯ ಕರಿದಾರ, ದಾರದಲ್ಲಿ ಕವಡೆ, ಕಟ್ಟಿದ್ದು ಕಟ್ಟಿದ ಹಾಗೇ ಇದ್ದವು. ಚಿಕ್ಕಮ್ಮ ಬೆರಳ ತುದಿಯಲ್ಲಿ ಕವಡೆ ಮುಟ್ಟಿದಳು.

ಕರೀ ಕೋಟಿನವನು ಬಂದ. ಮೈಸೂರಿನವನು, ಅಲ್ಲೊಂದು ಗ್ಯಾರೇಜು ಇಟ್ಟುಕೊಂಡಿದ್ದನಂತೆ. ಚಿಕ್ಕಪ್ಪನ ವಯಸ್ಸೇ ಇದ್ದೀತು. ಏನಾಗಬೇಕು ಅಂದ. ಚಿಕ್ಕಮ್ಮ ಬಾಯಿ ಬಿಡದಿದ್ದಾಗ ನಾನೇ ಎಲ್ಲ ಹೇಳಿದೆ: ಗಾಡಿ ಯಾರದು, ಮಳವಳ್ಳಿ ರಸ್ತೆಯಲ್ಲಿ ಏನಾಯಿತು, ಇವಳು ಯಾರು. ಅವನ ಮುಖ ಸಣ್ಣಗಾಯಿತು. ಸೀಟಿನ ಮೇಲಿಟ್ಟಿದ್ದ ಕೈ ತೆಗೆದುಬಿಟ್ಟ. ತನಗೆ ಮಾರಿದ ದಲ್ಲಾಳಿ ಇದೊಂದನ್ನೂ ಹೇಳಿರಲಿಲ್ಲ, ದಾರ ಒಳ್ಳೇದಕ್ಕೇ ಕಟ್ಟಿರುತ್ತಾರೆ ಅಂತ ಬಿಚ್ಚಲು ಮನಸ್ಸಾಗಲಿಲ್ಲ ಅಂದ. ಆಮೇಲೆ ಚಿಕ್ಕಮ್ಮನಿಗೆ, "ಬೇಕಾದ್ರೆ ಬಿಚ್ಚಿ ಕೊಟ್ಬಿಡ್ತೀನಿ ಅಕ್ಕ" ಅಂದ.

"ಬ್ಯಾಡಿ. ನಾಳೆನೂ ಓಡಿಸ್ಬೇಕಲ್ಲ ನೀವು, ಇರ್ಲಿ" ಅಂದಳು ಚಿಕ್ಕಮ್ಮ. "ಒಂದೇ ಒಂದ್ ಸಲ ಸ್ಟಾರ್ಟ್ ಮಾಡಿ."

ಅವನು ಒದ್ದ. ಗಾಡಿ ಡುಬುಡುಬು ಅಂದಿತು. ಅವಳು ಕಣ್ಣು ತೆರೆದುಕೊಂಡೇ ಕೇಳಿದಳು, ಸಾಕು ಅನ್ನುವ ಹಾಗೆ ತಲೆ ಆಡಿಸಿದಳು, ತಿರುಗಿ ನಡೆದಳು.

ನನಗೆ ಖುಷಿಯೋ ಖುಷಿ. ಬಂದದ್ದು ಸಾರ್ಥಕವಾಯಿತು, ಗಾಡಿ ಎಲ್ಲಿದೆ ಅನ್ನುವುದು ಕಣ್ಣಾರೆ ಕಂಡಾಯಿತು, ಇನ್ನು ಇವಳಿಗೆ ಬೀದಿಯ ತಿರುವಿನಲ್ಲಿ ಇಲ್ಲದ ಸದ್ದು ಕೇಳುವುದಾದರೂ ಹೇಗೆ ಎಂದುಕೊಂಡು ಏರಿ ಹತ್ತಿದೆ. ಕೆಳಗೆ ಜನರೇಟರು ಹಾಕಿ ಬಣ್ಣದ ಬಲ್ಬು ಹೊತ್ತಿಸಿದರು. ವೇದಿಕೆ ಮೇಲೆ ಬೆಲ್ ಬಾಟಂ ಪ್ಯಾಂಟಿನವರು ಅಕಾರ್ಡಿಯನ್ನು, ಬೋಂಗೊ ಎಲ್ಲ ಜೋಡಿಸುತ್ತಿದ್ದರು. ದೀಪ ಹಚ್ಚುವ ಹೊತ್ತು. ಚಿಕ್ಕಮ್ಮ ತಲೆಯೆತ್ತಿದಳು.

ಚಿಕ್ಕಪ್ಪನ ಗಾಡಿ ನಮ್ಮ ಕಣ್ಣೆದುರಿಗೇ, ಕೆಳಗೆ, ಸ್ಟ್ಯಾಂಡು ಹಾಕಿಕೊಂಡು ಸುಮ್ಮನೆ ನಿಂತಿತ್ತು. ಅವಳು ಅದರ ಕಡೆ ನೋಡಲೇ ಇಲ್ಲ. ಬೆನ್ನ ಹಿಂದೆ, ಕತ್ತಲಾಗುತ್ತಿದ್ದ ರಸ್ತೆಯ ಕಡೆಗೆ ಕಿವಿಗೊಟ್ಟು ಕೂತಳು. ಆಮೇಲೆ ಗಂಟಿನಿಂದ ಒಂದು ರೊಟ್ಟಿ ತೆಗೆದು, ಮುತ್ತುಗದೆಲೆಯ ಮೇಲಿಟ್ಟು, ಪಕ್ಕದ ಖಾಲಿ ಜಾಗದಲ್ಲಿ ಇಟ್ಟಳು. ನನಗೆ ಅಳು ಬಂತು, ಸಿಟ್ಟೂ ಬಂತು. ಗಾಡಿ ಅಲ್ಲೇ ನಿಂತಿದೆಯಲ್ಲ, ಇನ್ಯಾವ ಗಾಡಿ ಬರುತ್ತದೆ ಎಂದು ಕೇಳಿದೆ. ಆ ರೊಟ್ಟಿಯನ್ನು ನಾನು ಮುಟ್ಟಲಿಲ್ಲ, ಹೆದರಿಕೆ.

ಆರ್ಕೆಸ್ಟ್ರಾ ಚೆನ್ನಾಗಿತ್ತು, ಸುಳ್ಳಲ್ಲ. ರೇಡಿಯೋದಲ್ಲಿ ಮಾತ್ರ ಕೇಳಿದ್ದ ಹಾಡುಗಳು ನೂರಾರು ಗಜ ದೂರದಿಂದ ಗಾಳಿಗೆ ತೇಲಿ ಬಂದು ನಮ್ಮನ್ನು ಮುಟ್ಟುತ್ತಿದ್ದವು. ಕುರ್ಚಿಯಲ್ಲಿದ್ದವರಿಗೂ ನಮಗೂ ಅದೇ ಹಾಡು, ಅದೇ ತಾಳ. ನಡುವೆ ಜರಿ ಕೋಟಿನ ಗಂಡಸೊಬ್ಬ ಮೈಕಿನ ಮುಂದೆ ಬಂದು, ಅಪ್ಪಟ ಹೆಂಗಸಿನ ದನಿಯಲ್ಲಿ ಹಾಡತೊಡಗಿದ. ಏರಿ ಮೇಲಿನ ಹೆಂಗಸರೆಲ್ಲ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಚಿಕ್ಕಮ್ಮನೂ ನಕ್ಕಳು. ತಿಂಗಳುಗಳ ಮೇಲೆ ಅವಳ ಹಲ್ಲು ಕಂಡೆ. ನಾನೂ ನಗುತ್ತ ಅವಳ ತೊಡೆಗೆ ಹೊಡೆದೆ.

"ಎಂಗೆ ನೋಡು," ಅಂದಳು ನಗುತ್ತಲೇ. "ಅಲ್ಲಿ ಎಣ್ಣೇ ಇಲ್ಲ, ಎಣ್ಣಿನ ದನಿ ಮಾತ್ರ ಬತ್ತಾ ಅದೆ. ಗಾಡಿ ಸದ್ದೂ ಇಂಗೇ ಬತ್ತದೆ ಕಣೆ."

ನನ್ನ ನಗು ಅಲ್ಲೇ ನಿಂತಿತು. ಆಮೇಲೆ ಯಾವ ಹಾಡು ಹಾಡಿದರೋ ನನಗೆ ಗೊತ್ತಿಲ್ಲ. ಸೋಮವಾರ ಇವಳು ಹೋಗುವುದೇ ಸೈ, ಇದನ್ನು ಯಾರಿಂದಲೂ ತಪ್ಪಿಸಲಾಗುವುದಿಲ್ಲ ಅನ್ನಿಸಿ ದೊಡ್ಡಮ್ಮನ ಮನೆಗೆ ಬರುವ ದಾರಿಯುದ್ದಕ್ಕೂ ಅವಳ ಕೈ ಹಿಡಿದುಕೊಂಡೇ ಬಂದೆ.

ಭಾನುವಾರ ಬೆಳಿಗ್ಗೆ ಹುಣಸೆಹಣ್ಣು ಕುಟ್ಟಿ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ಹೊಂಗೆ ಮರದ ಕೆಳಗೆ ಕೂತೆವು. ಹಿಂದಿನ ದಿನಕ್ಕಿಂತ ಜನ ಹೆಚ್ಚು. ಮೋಟಾರ್ ಸೈಕಲ್ಲಿನ ಕೊನೆಯ ಪಂದ್ಯ ಶುರುವಾಯಿತು. ಕರೀ ಕೋಟಿನವನು ಮೊದಲು ಹಿಂದಿದ್ದವನು ಬರಬರುತ್ತ ಮುಂದೆ ಬಂದ. ನನಗೇ ಗೊತ್ತಿಲ್ಲದ ಹಾಗೆ ಎದ್ದು ನಿಂತು, ನಮ್ಮ ಮನೆ ಗಾಡಿ ಗೆಲ್ಲಲಿ ಅಂತ ಕೂಗುತ್ತಿದ್ದೆ. ಅಷ್ಟರಲ್ಲಿ ಕೋಡಿಯ ಪಕ್ಕದ ತಿರುವಿನಲ್ಲಿ ಗಾಡಿ ಕೆಮ್ಮಲಿಲ್ಲ. ಅವನು ವೇಗ ಇಳಿಸಲೇ ಇಲ್ಲವೋ, ಇಳಿಸಲು ಆಗಲಿಲ್ಲವೋ ಕಾಣೆ. ಗಾಡಿ ಅಡ್ಡ ಬಿದ್ದು, ನೆಲ ಕೆರೆದುಕೊಂಡು ಹೋಗಿ, ಹುಲ್ಲಿನ ಕಂತೆಗಳಿಗೆ ನುಗ್ಗಿತು. ಅವನು ಬೇರೆ ಕಡೆಗೆ ಎಸೆಯಲ್ಪಟ್ಟು ಧೂಳಿನಲ್ಲಿ ಮಾಯವಾದ. ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಪೆಟ್ರೋಲು ಹೊತ್ತಿಕೊಂಡಿತು, ಒಣ ಹುಲ್ಲು ಧಗ್ಗೆಂದಿತು.

ಜನ ಎದ್ದು ಓಡಿದರು. ಆ ಗಲಾಟೆಯ ನಡುವೆ ನನ್ನ ಪಕ್ಕದಲ್ಲಿ ಒಂದು ದನಿ ಎದ್ದಿತು. ನಾನು ಹುಟ್ಟಿದಾಗಿನಿಂದ ಸಾವಿನ ಮನೆಗಳಲ್ಲಿ ಕೇಳಿದ ದನಿ ಅದು. ಚಿಕ್ಕಮ್ಮ ಏರಿ ಮೇಲೆ ಕಾಲು ಚಾಚಿ ಕೂತು, ಎರಡೂ ಕೈಯಲ್ಲಿ ನೆಲ ಬಡಿಯುತ್ತ, ಹಾಡಿಕೊಂಡು ಅಳುತ್ತಿದ್ದಳು. ನೀರಿಟ್ಟು ಕಾದಿದ್ನಲ್ಲಾ ನನ್ ದೊರೆಯೇ, ಇಕ್ಕಿದ್ ಮುದ್ದೆ ಆರೋಯ್ತಲ್ಲಾ ನನ್ ದೊರೆಯೇ, ಕತ್ತಲ್ನಾಗೆ ಎಂಗ್ ಬಂದ್ಯೋ ನನ್ ದೊರೆಯೇ. ಚಿಕ್ಕಪ್ಪ ಸತ್ತ ದಿನ ಹೊರಗೆ ಬರಬೇಕಾಗಿದ್ದದ್ದೆಲ್ಲ ಈಗ ಬರುತ್ತಿತ್ತು. ಬೇಡ ಅನ್ನಲು ಹೋದ ನಾನೂ ಅವಳ ಭುಜ ಹಿಡಿದು ಅಳುತ್ತ ಕೂತುಬಿಟ್ಟೆ.

ಹೆಂಗಸರು ಸುತ್ತ ಸೇರಿದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಸತ್ತಾಗ ಅಳುವಾಗಲೂ ಹೇಳುವುದಿಲ್ಲ. ದೊರೆ ಅಂದರೆ ಯಾವ ದೊರೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಬಿದ್ದವನ ಹೆಂಡತಿ ಇವಳೇ ಅಂದುಕೊಂಡರು. ಒಬ್ಬಳು ನೀರು ಕುಡಿಸಲು ನೋಡಿದಳು, ಇನ್ನೊಬ್ಬಳು ತಾಳಿ ಎಲ್ಲಿ ಅಂತ ಕತ್ತು ನೋಡಿ, ರೇಸಿಗೆ ಬರುವಾಗ ಬಿಚ್ಚಿಟ್ಟು ಬಂದಿರಬೇಕು, ಅದಕ್ಕೇ ಹೀಗಾಯಿತು ಅಂತ ಗೊಣಗಿದಳು. ಅಲ್ಲ, ಅಲ್ಲ ಅಂತ ನಾನು ಹೇಳುತ್ತಿದ್ದದ್ದು ಯಾರಿಗೂ ಕೇಳಿಸಲಿಲ್ಲ. ಯಾರೋ ಗಂಡಸರು ಕೆಳಕ್ಕೆ ಓಡಿದರು.

ಸ್ವಲ್ಪ ಹೊತ್ತಿಗೆ ಗುಂಪು ದಾರಿ ಬಿಟ್ಟಿತು. ಮೂರು ನಾಲ್ಕು ಜನ ಕರೀ ಕೋಟಿನವನನ್ನು ತೋಳು ಹಿಡಿದು ಏರಿ ಹತ್ತಿಸಿ ಕರೆತಂದರು. ಕುಂಟುತ್ತಿದ್ದ. ತಲೆಯಿಂದ ಕಾಲಿನವರೆಗೆ ಗೋಡಿನ ಧೂಳು, ಮುಖವೇ ಗುರುತು ಸಿಗುತ್ತಿರಲಿಲ್ಲ. ಆ ಮಣ್ಣು ಬಡಿದ ಮುಖದಲ್ಲಿ ಕಣ್ಣು ಮಾತ್ರ ಕಂಡಾಗ, ಆಣೆ ಮಾಡಿ ಹೇಳುತ್ತೇನೆ, ನನಗೂ ಒಂದು ಕ್ಷಣ ಚಿಕ್ಕಪ್ಪನೇ ಅನ್ನಿಸಿತು.

"ಅಳ್ಬ್ಯಾಡ ಕಣಮ್ಮ," ಅಂದ ಅವರಲ್ಲಿ ಹಿರಿಯ. "ಕಣ್ ಬುಟ್ಟು ನೋಡು. ನಿನ್ ಗಂಡನ್ಗೆ ಏನೂ ಆಗಿಲ್ಲ. ಗಾಡಿ ಓಯ್ತು, ಆಳು ಉಳ್ದವ್ನೆ."

ಚಿಕ್ಕಮ್ಮನ ದನಿ ನಿಂತಿತು. ತಲೆ ಎತ್ತಿ ನೋಡಿದಳು. ನಾನು ಇವಳ ಗಂಡನಲ್ಲ ಅಂತ ಅವನು ಹೇಳಬಹುದಿತ್ತು. ಹಿಂದಿನ ದಿನ ಕೇಳಿದ್ದೆಲ್ಲ ಅವನಿಗೆ ನೆನಪಿತ್ತು ಅಂತ ಕಾಣುತ್ತದೆ, ಏನೂ ಹೇಳಲಿಲ್ಲ. ಹಿಡಿದಿದ್ದವರ ಕೈ ಬಿಡಿಸಿಕೊಂಡು, ನೋವಿನ ಕಾಲನ್ನು ಒಂದು ಕಡೆ ಮಾಡಿ, ಅವಳೆದುರು ನೆಲದ ಮೇಲೆ ಕೂತ. ಚಿಕ್ಕಮ್ಮ ಅವನ ಮುಖವನ್ನು ಎಷ್ಟೋ ಹೊತ್ತು ನೋಡಿದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನಮ್ಮ ನೀರಿನ ಚೊಂಬು ಎತ್ತಿಕೊಂಡಳು.

"ಕೈ ತೊಳ್ಕೊಳ್ಳಿ, ಇಕ್ತೀನಿ" ಅಂದಳು.

ಅವನು ಎರಡೂ ಕೈ ಚಾಚಿದ. ಅಂಗೈ ತರಚಿ ರಕ್ತ ಬಂದಿತ್ತು. ಅವಳು ನಿಧಾನವಾಗಿ ನೀರು ಸುರಿದಳು, ಮಣ್ಣು ಹೋಗುವವರೆಗೂ ಸುರಿದಳು. ಮುತ್ತುಗದೆಲೆ ಹಾಸಿ ರೊಟ್ಟಿ ಇಟ್ಟು, ಚಟ್ನಿ ಬಡಿಸಿದಳು. ಅವನು ತಲೆ ತಗ್ಗಿಸಿ ಪೂರ್ತಿ ತಿಂದ. ಅಗಿಯುವಾಗ ಅವನ ಕಣ್ಣಿನಿಂದ ನೀರಿಳಿದು ಮುಖದ ಮಣ್ಣಿನ ಮೇಲೆ ಗೆರೆ ಮೂಡುತ್ತಿತ್ತು. ನೋಡಿದ ಹೆಂಗಸರು ಎಷ್ಟು ಅನ್ಯೋನ್ಯ ದಂಪತಿ ಅಂತ ಮೂಗಿನ ಮೇಲೆ ಬೆರಳಿಟ್ಟರು. ತಿಂದಾದ ಮೇಲೆ ಅವನು ಅವಳಿಗೆ ಕೈಮುಗಿದು ಎದ್ದ. ಅವನ ಹೆಸರೇನು ಅಂತ ನಾವು ಕೇಳಲಿಲ್ಲ, ಮತ್ತೆಂದೂ ನೋಡಲಿಲ್ಲ. ಅವತ್ತು ಸಂಜೆಯ ಆರ್ಕೆಸ್ಟ್ರಾ ನಡೆಯಿತಂತೆ. ನಾವು ಇರಲಿಲ್ಲ.

ಬಸ್ಸಿಳಿದು ಮನೆಗೆ ಬರುವಾಗ ಇನ್ನೂ ಬೆಳಕಿತ್ತು. ನಮಗಿಂತ ಮುಂಚಿನ ಬಸ್ಸಿಗೆ ಬಂದ ಊರಿನವರು ಯಾರೋ ಸುದ್ದಿ ಮುಟ್ಟಿಸಿಬಿಟ್ಟಿದ್ದರು. ಅಜ್ಜಿ ಜಗಲಿ ಮೇಲೆ ಕೂತಿದ್ದಳು. ಬೈಗುಳಕ್ಕೆ ಮೈಯೊಡ್ಡಿ ನಿಂತೆ, ಅಜ್ಜಿ ಬೈಯಲಿಲ್ಲ. ಅತ್ತಳಂತೆ, ಹೌದಾ ಅಂತಷ್ಟೇ ಕೇಳಿದಳು. ಹೌದು ಅಂದೆ. ಗಾಡಿ ಸುಟ್ಟು ಹೋಯಿತಂತೆ? ಹೌದು ಅಂದೆ. ಅವಳಿಗೆ ಸಮಾಧಾನವಾಗಲೆಂದು, ನೀನು ಕಟ್ಟಿದ ಕವಡೆ ಅದರಲ್ಲೇ ಇತ್ತು, ಅದೇ ಆ ಮನುಷ್ಯನನ್ನು ಉಳಿಸಿತು ಅಂದೆ. ಯಾಕಾದರೂ ಅಂದೆನೋ.

"ಊರ್ನೋರ್ ಮಗನ್ ಉಳುಸ್ತು" ಅಂದಳು ಅಜ್ಜಿ. "ಕಟ್ದೋಳ್ ಮಗನ್ ಯಾಕ್ ಉಳುಸ್ನಿಲ್ಲ?"

ನಾನು ಒಳಗೆ ಹೋಗಿ ಬಾಗಿಲ ಪಕ್ಕದ ಟ್ರಂಕಿನ ಮೇಲೆ ಕೂತೆ. ಅವ್ವ ಒಲೆ ಹೊತ್ತಿಸಿದಳು. ಚಿಕ್ಕಮ್ಮ ಮುಖ ತೊಳೆದು, ದೀಪ ಹಚ್ಚಿ, ಮುದ್ದೆಗೆ ಎಸರಿಟ್ಟಳು. ಆ ಹೊತ್ತು ಬಂತು. ನಾನು ಅವಳನ್ನೇ ನೋಡುತ್ತಿದ್ದೆ. ಅವಳು ತಲೆಯೆತ್ತಲಿಲ್ಲ. ಹಿಟ್ಟು ಹಾಕಿ ತೊಳಸುತ್ತಲೇ ಇದ್ದಳು. ಮುದ್ದೆ ಕಟ್ಟಿದಳು. ಮನೆಯಲ್ಲಿದ್ದವರಿಗೆ ಎಷ್ಟು ಬೇಕೋ ಅಷ್ಟೇ ತಟ್ಟೆ ತೆಗೆದಳು. ಎದ್ದು ಕುಣಿಯಬೇಕು ಅನ್ನುವಷ್ಟು ಸಂತೋಷವಾಯಿತು ನನಗೆ. ಹೋಗಿ ಅಜ್ಜಿಯನ್ನು ಕರೆದು ತೋರಿಸಬೇಕು, ನೋಡು, ಎಲ್ಲ ಸರಿಹೋಯಿತು, ಇನ್ನು ಇವಳನ್ನು ಯಾಕೆ ಕಳಿಸುತ್ತೀ ಅಂತ ಕೇಳಬೇಕು ಅಂದುಕೊಂಡು ಜಗಲಿಗೆ ಬಂದೆ.

ಅಜ್ಜಿ ಜಗಲಿಯಿಂದ ಇಳಿದು ಬೀದಿಯಲ್ಲಿ ನಿಂತಿದ್ದಳು. ತಿರುವಿನ ಕಡೆ ನೋಡುತ್ತಿದ್ದಳು. ಒಂದಷ್ಟು ದೂರ ಹೋದಳು, ಮತ್ತೆ ಬಂದಳು, ಕಿವಿಯ ಮೇಲಿನ ಸೆರಗು ಸರಿಸಿ ಮತ್ತೆ ನಿಂತಳು. ಊಟಕ್ಕೆ ಬಾ ಅಂದೆ. ಅವಳು ನನ್ನ ಕಡೆ ತಿರುಗಿದಳು. ಆ ಮುಖ ನಾನು ಎಂದೂ ಕಂಡಿರಲಿಲ್ಲ.

"ಯಾಕ್ ಮಗ," ಅಂದಳು, "ಒತ್ತಾಯ್ತಲ್ಲ. ಇವತ್ಯಾಕೆ ಗಾಡಿ ಸದ್ದೇ ಬರ್ನಿಲ್ಲ?"

ಇಷ್ಟು ದಿನವೂ ಅವಳಿಗೂ ಕೇಳುತ್ತಿತ್ತು. ಸಂಜೆ ಸಂಜೆ ತಟ್ಟೆ ಬೋರಲು ಹಾಕುತ್ತ, ನೀರು ಚೆಲ್ಲುತ್ತ, ಯಾವ ಸದ್ದೂ ಇಲ್ಲ ಅಂತ ಬೈಯುತ್ತಿದ್ದವಳಿಗೆ ಎಲ್ಲ ಕೇಳುತ್ತಿತ್ತು. ಸೊಸೆಯನ್ನು ದೂರ ಕಳಿಸಿದರೆ ಆ ಸದ್ದೂ ಅವಳ ಹಿಂದೆ ಹೋಗಿಬಿಡಲಿ ಅಂತ ಇದ್ದಳೋ ಏನೋ. ಈಗ ಸೊಸೆ ಅತ್ತು ಮುಗಿಸಿದ್ದಳು, ಸದ್ದು ನಿಂತಿತ್ತು, ಮಗ ಇನ್ನು ಬರುವುದಿಲ್ಲ ಅನ್ನುವುದು ಅಜ್ಜಿಗೆ ಆ ಬೀದಿಯಲ್ಲಿ ಗೊತ್ತಾಗುತ್ತಿತ್ತು.

ಚಿಕ್ಕಮ್ಮ ನನ್ನ ಹಿಂದೆಯೇ ಬಂದು ನಿಂತಿದ್ದಳು. ಆ ಮಾತು ಅವಳಿಗೂ ಕೇಳಿಸಿತ್ತು. ಬೀದಿಗಿಳಿದು ಅಜ್ಜಿಯ ತೋಳು ಹಿಡಿಯದೆ, ಬರೀ ಪಕ್ಕದಲ್ಲಿ ನಿಂತಳು. ಇಬ್ಬರೂ ಸುಮ್ಮನೆ ತಿರುವಿನ ಕಡೆ ನೋಡಿದರು. ಕತ್ತಲಾಗುತ್ತಿತ್ತು, ಎಲ್ಲೋ ಒಂದು ಕರು ಕೂಗುತ್ತಿತ್ತು, ಅಷ್ಟೆ. ಆಮೇಲೆ ಅಜ್ಜಿ ತಾನಾಗಿಯೇ ತಿರುಗಿ ಒಳಗೆ ಬಂದಳು. ಬಾಗಿಲಲ್ಲಿ ಟ್ರಂಕು ಕಾಲಿಗೆ ತಗುಲಿತು. "ಇದ್ಯಾಕ್ ಇಲ್ಲಿ ಅಡ್ಡ ಇಕ್ಕಿದ್ದೀರಾ, ಒಳೀಕ್ ಇಡಿ" ಅಂದಳು. ನಾನೂ ಅವ್ವನೂ ಆಚೆ ಈಚೆ ಹಿಡಿದು ಅದನ್ನು ಚಿಕ್ಕಮ್ಮನ ಕೋಣೆಗೆ ಹೊತ್ತುಕೊಂಡು ಹೋದೆವು.

ವಾಪಸು ಬಂದಾಗ ಅಜ್ಜಿ ಗೋಡೆಯ ಪಕ್ಕ ಕೂತಿದ್ದಳು, ಚಿಕ್ಕಪ್ಪ ಕೂರುತ್ತಿದ್ದ ಜಾಗದಲ್ಲಿ. ಚಿಕ್ಕಮ್ಮ ಅವಳ ಮುಂದೆ ತಟ್ಟೆ ಇಟ್ಟು, ಚೊಂಬು ಹಿಡಿದು ಬಗ್ಗಿದಳು.

"ಕೈ ತೊಳ್ಕೊಳ್ಳಿ ಅತ್ತೆ," ಅಂದಳು. "ಇಕ್ತೀನಿ."

ಅಜ್ಜಿ ಕೈ ಚಾಚಿದಳು.